ಚೇಣಿಗೆ ಕೊಟ್ಟ ಕ್ಲಬ್ಬು

ಕೇಳುಗರಿಗೆ ನಮಸ್ಕಾರ.

ಅಡಿಕೆ ತೋಟ ಇರುವವರಿಗೆ ಚೇಣಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಕೆಲವರ ಬಾಯಲ್ಲಿ ಅದು ಖೇಣಿ. ಮರದ ಮೇಲೆ ಇನ್ನೂ ಹಸಿರಾಗಿರುವ ಫಸಲನ್ನು ಚೇಣಿದಾರನಿಗೆ ಒಪ್ಪಿಸಿ ಮುಂಗಡ ಪಡೆಯುವುದು. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಅವನದು. ಕ್ವಿಂಟಾಲ್ ಹಸಿ ಅಡಿಕೆಗೆ ಹನ್ನೆರಡೋ ಹದಿಮೂರೋ ಕಿಲೋ ಒಣ ಅಡಿಕೆ ತೋಟದವರಿಗೆ. ಆಳು ಸಿಗದ ಕಾಲದಲ್ಲಿ ಇದರಲ್ಲಿ ತಪ್ಪೇನೂ ಇಲ್ಲ. ಎಡವಟ್ಟಾಗುವುದು ಈ ವರ್ಷದ್ದರ ಜೊತೆಗೆ ಮುಂದಿನ ನಾಲ್ಕು ವರ್ಷದ ಫಸಲಿನ ಮೇಲೂ ಮುಂಗಡ ಎತ್ತಿ, ಅದನ್ನು ಈ ವರ್ಷವೇ ಖರ್ಚು ಮಾಡಿದಾಗ. ಆಷಾಢದಲ್ಲಿ ಕೊಳೆ ರೋಗ ಬಂತೆನ್ನಿ, ಬೋರ್ಡೋ ದ್ರಾವಣ ಹೊಡೆಸಲೂ ಕೈಯಲ್ಲಿ ಕಾಸಿರುವುದಿಲ್ಲ.

ಇವತ್ತಿನ ಮಾತು ಫುಟ್ಬಾಲ್ ಕ್ಲಬ್ಬುಗಳ ಆಡಳಿತ ಮಂಡಳಿಗಳ ಬಗ್ಗೆ. ರಾತ್ರಿ ಹನ್ನೆರಡೂವರೆಗೆ ಎದ್ದು ಕೂತು ಇಂಗ್ಲೆಂಡಿನ ಆಟ ನೋಡುವ ಹುಡುಗರು ಶಿವಮೊಗ್ಗದಲ್ಲೂ ಇದ್ದಾರೆ, ತೀರ್ಥಹಳ್ಳಿಯಲ್ಲೂ ಇದ್ದಾರೆ. ಗೋಲು ಯಾರು ಹೊಡೆದರೆಂದು ಅವರಿಗೆ ಗೊತ್ತು. ಆ ಆಟಗಾರನಿಗೆ ಕೊಟ್ಟ ದುಡ್ಡು ಯಾವ ವರ್ಷದ್ದು ಎಂದು ಕೇಳುವವರು ಕಡಿಮೆ. ದೊಡ್ಡ ಕ್ಲಬ್ಬುಗಳು ಮುಳುಗಿದ ಕತೆ ಕೆದಕಿದರೆ ಬಹಳ ಕಡೆ ಸಿಗುವುದು ಈ ಚೇಣಿಯೇ.

ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕ್ಲಬ್ಬನ್ನು ತೆಗೆದುಕೊಳ್ಳಿ. ಪೀಟರ್ ರಿಡ್ಸ್‌ಡೇಲ್ ಅಧ್ಯಕ್ಷರು, ಡೇವಿಡ್ ಒಲಿಯರಿ ತರಬೇತುದಾರರು. 2000ದ ನವೆಂಬರಿನಲ್ಲಿ ರಿಯೊ ಫರ್ಡಿನೆಂಡ್ ಎಂಬ ರಕ್ಷಣಾ ಆಟಗಾರನಿಗೆ 1 ಕೋಟಿ 80 ಲಕ್ಷ ಪೌಂಡ್ ಕೊಟ್ಟು ತಂದರು. 2001ರಲ್ಲಿ ತಂಡ ಚಾಂಪಿಯನ್ಸ್ ಲೀಗಿನ, ಅಂದರೆ ಯುರೋಪಿನ ದೊಡ್ಡ ಕ್ಲಬ್ಬುಗಳ ಪಂದ್ಯಾವಳಿಯ, ಸೆಮಿಫೈನಲ್ ತನಕ ಹೋಯಿತು. ಅದೇ ವರ್ಷ ಇಂಗ್ಲೆಂಡಿನ ಲೀಗಿನಲ್ಲಿ ಲೀಡ್ಸ್ 68 ಅಂಕಗಳೊಂದಿಗೆ ನಾಲ್ಕನೆಯದು, ಲಿವರ್‌ಪೂಲ್ 69 ಅಂಕಗಳೊಂದಿಗೆ ಮೂರನೆಯದು. ಆ ವರ್ಷ ಚಾಂಪಿಯನ್ಸ್ ಲೀಗಿಗೆ ಹೋಗುವ ಅವಕಾಶ ಮೊದಲ ಮೂರು ತಂಡಗಳಿಗೆ ಮಾತ್ರ. ಒಂದು ಅಂಕ. ಆ ಒಂದು ಅಂಕದ ಹಿಂದೆ ಒಂದು ವರ್ಷದ ಟಿವಿ ಹಣವೇ ಹೋಯಿತು.

ಇಲ್ಲಿ ಕೈ ಬಿಗಿ ಹಿಡಿಯಬೇಕಿತ್ತು. ಮಂಡಳಿ ಮಾಡಿದ್ದು ತದ್ವಿರುದ್ಧ. 2001ರಲ್ಲೇ 6 ಕೋಟಿ ಪೌಂಡ್ ಸಾಲ ಎತ್ತಿದರು. ಅಡವಿಟ್ಟಿದ್ದು ಏನು ಗೊತ್ತೇ? ಮುಂದಿನ 25 ವರ್ಷ ಮೈದಾನದ ಗೇಟಿನಲ್ಲಿ ಸಂಗ್ರಹವಾಗುವ ಟಿಕೆಟ್ ಹಣ. ಆಗಿನ್ನೂ ಹುಟ್ಟದ ಮಗು ಬೆಳೆದು ಕೊಳ್ಳಬೇಕಾದ ಟಿಕೆಟ್ಟನ್ನೂ ಚೇಣಿಗೆ ಕೊಟ್ಟಂತಾಯಿತು. ಆ ಹಣದ ಬಲದಲ್ಲಿ ಅದೇ ಚಳಿಗಾಲ ರಾಬಿ ಫೌಲರ್ ಎಂಬ ಮುಂಚೂಣಿ ಆಟಗಾರನನ್ನು 1 ಕೋಟಿ 10 ಲಕ್ಷಕ್ಕೆ ತಂದರು. 2002ರಲ್ಲಿ ತಂಡ ಐದನೆಯದು. ಮತ್ತೆ ಚಾಂಪಿಯನ್ಸ್ ಲೀಗ್ ಇಲ್ಲ.

ಮುಂದೆ ಆಗಿದ್ದು ತೋಟದವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ: ಅವಸರದ ಮಾರಾಟ. ಫರ್ಡಿನೆಂಡ್ ಲಾಭಕ್ಕೇ ಹೋದ, ಸುಮಾರು 3 ಕೋಟಿ ಪೌಂಡಿಗೆ, ಅದೂ ಬದ್ಧ ವೈರಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. ಉಳಿದವರನ್ನು ಕೊಳ್ಳುವವರು ಲೀಡ್ಸ್‌ಗೆ ದುಡ್ಡಿನ ಮುಗ್ಗಟ್ಟೆಂದು ತಿಳಿದೇ ಬಂದರು. ಮಂಡಿಯಲ್ಲಿ ಮಾರುವವನ ಮುಖ ನೋಡಿ ದರ ಇಳಿಸುವುದಿಲ್ಲವೇ, ಹಾಗೆ. ಫೌಲರ್‌ನನ್ನು 2003ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಕೊಟ್ಟ ಮೇಲೂ ಅವನ ಸಂಬಳದ ಒಂದು ಪಾಲನ್ನು ಲೀಡ್ಸೇ ಕಟ್ಟುತ್ತಿತ್ತು. ಬೇರೆ ಕ್ಲಬ್ಬಿಗೆ ಆಡುವವನಿಗೆ ಇವರ ಸಂಬಳ!

ಇದು ಹೇಗೆ ಸಾಧ್ಯ ಎನ್ನುವವರಿಗೆ ಒಂದು ಲೆಕ್ಕ. ಪೆನ್ಸಿಲ್ ಇದ್ದರೆ ಕೈಗೆತ್ತಿಕೊಳ್ಳಿ. ಒಬ್ಬ ಆಟಗಾರನನ್ನು 50 ಕೋಟಿಗೆ ಕೊಂಡು ಐದು ವರ್ಷದ ಕರಾರು ಮಾಡಿಕೊಂಡರೆ, ಲೆಕ್ಕಪುಸ್ತಕದಲ್ಲಿ 50 ಕೋಟಿಯೂ ಮೊದಲ ವರ್ಷದ ಖರ್ಚಾಗಿ ಬರುವುದಿಲ್ಲ. ವರ್ಷಕ್ಕೆ 10 ಕೋಟಿಯಂತೆ ಹಂಚಿ ಬರೆಯುತ್ತಾರೆ. ಎರಡು ವರ್ಷ ಕಳೆದಾಗ ಪುಸ್ತಕದಲ್ಲಿ ಅವನ ಬೆಲೆ 30 ಕೋಟಿ ಉಳಿದಿರುತ್ತದೆ. ಈಗ ಅವಸರಕ್ಕೆ 15 ಕೋಟಿಗೆ ಮಾರಿದರೆ ಆ ವರ್ಷದ ಲೆಕ್ಕಕ್ಕೆ 15 ಕೋಟಿ ನಷ್ಟ. ಅವನನ್ನು ಕೊಂಡ ಹಳೆಯ ಕ್ಲಬ್ಬಿಗೆ ಕಂತಿನಲ್ಲಿ ಕೊಡಬೇಕಾದದ್ದು ಇನ್ನೂ ಬಾಕಿ ಇದ್ದರೆ, ಕೈಗೆ ಬಂದ 15 ಕೋಟಿಯೂ ಆ ಕಡೆಗೇ ಹೋಗುತ್ತದೆ. ಕರಾರು ಉದ್ದವಾದಷ್ಟೂ ವರ್ಷದ ಖರ್ಚು ಚಿಕ್ಕದಾಗಿ ಕಾಣುತ್ತದೆ. ಎಂಟು ವರ್ಷದ ಕರಾರುಗಳು ಬರತೊಡಗಿದ ಮೇಲೆ, 2023ರಲ್ಲಿ ಯುರೋಪಿನ ಫುಟ್ಬಾಲ್ ಒಕ್ಕೂಟ ಯುಇಎಫ್‌ಎ ಈ ಹಂಚಿಕೆಗೆ ಐದು ವರ್ಷದ ಮಿತಿ ಹಾಕಿತು. ಆಟಗಾರರ ಸಂಬಳ, ಖರೀದಿಯ ವಾರ್ಷಿಕ ಪಾಲು, ದಲ್ಲಾಳಿಗಳ ಶುಲ್ಕ ಮೂರೂ ಸೇರಿ ಆದಾಯದ ನೂರಕ್ಕೆ 70 ಮೀರಬಾರದು ಎಂಬುದು ಅದೇ ಒಕ್ಕೂಟದ ಇನ್ನೊಂದು ನಿಯಮ. ಒಮ್ಮೆಲೇ ಬಿಗಿ ಮಾಡಲಿಲ್ಲ, 90ರಿಂದ 80ಕ್ಕೆ, 80ರಿಂದ 70ಕ್ಕೆ ಇಳಿಸುತ್ತ ಬಂದರು.

ಲೀಡ್ಸ್‌ಗೆ ಮರಳಿದರೆ, 2004ರ ಮೇ ತಿಂಗಳಲ್ಲಿ ತಂಡ ಮೊದಲ ದರ್ಜೆಯ ಲೀಗಿನಿಂದ ಕೆಳಗಿನ ದರ್ಜೆಗೆ ಬಿತ್ತು. ಅದೇ ವರ್ಷ ಎಲ್ಲಂಡ್ ರೋಡ್ ಮೈದಾನವನ್ನು ಮಾರಿ, ಅದಕ್ಕೇ ಬಾಡಿಗೆ ಕಟ್ಟಿ ಆಡತೊಡಗಿದರು. ತೋಟ ಮಾರಿ ಅದೇ ತೋಟದಲ್ಲಿ ಕೂಲಿಗೆ ನಿಂತಂತೆ. 2007ರ ಮೇ 4ರಂದು ಕ್ಲಬ್ಬನ್ನು ಆಡಳಿತಾಧಿಕಾರಿಗಳ, ಅಂದರೆ ಸಾಲ ತೀರಿಸಲಾಗದ ಕಂಪನಿಯನ್ನು ವಹಿಸಿಕೊಂಡು ನಡೆಸುವವರ, ಕೈಗೆ ಒಪ್ಪಿಸಿದರು. ಅಂಥ ಕ್ಲಬ್ಬಿಗೆ 10 ಅಂಕ ಕಡಿತದ ಶಿಕ್ಷೆ. ಹೇಗೂ ಕೆಳಗೆ ಬೀಳುವುದು ಬಹುತೇಕ ಖಚಿತವಾಗಿದ್ದ ಹೊತ್ತು, ಒಂದೇ ಪಂದ್ಯ ಬಾಕಿ. ಶಿಕ್ಷೆ ಆ ವರ್ಷದಲ್ಲೇ ಮುಗಿಯಲಿ ಎಂಬ ಜಾಣತನ ಅದು. ಆ ಜಾಣತನ ಪೂರ್ತಿ ಫಲಿಸಲಿಲ್ಲ, ಮರುವರ್ಷ ಇನ್ನೂ 15 ಅಂಕ ಕಳೆದರು. ಮೊದಲ ದರ್ಜೆಗೆ ಮರಳಲು 2020 ಬರಬೇಕಾಯಿತು. ಹದಿನಾರು ವರ್ಷ.

ದಿವಾಳಿಯಾದಾಗ ದುಡ್ಡು ಯಾರಿಗೆ ಸಿಗುತ್ತದೆ ಎಂಬುದನ್ನೂ ನೋಡಬೇಕು. ಇಂಗ್ಲೆಂಡಿನ ಲೀಗಿನ ನಿಯಮದಂತೆ ಆಟಗಾರರ ಬಾಕಿ, ಬೇರೆ ಕ್ಲಬ್ಬುಗಳ ಬಾಕಿ ಪೂರ್ತಿ ತೀರಬೇಕು. ಮುದ್ರಣಾಲಯದವರು, ಊಟ ಪೂರೈಸಿದವರು, ಪಂದ್ಯಕ್ಕೆ ಬಂದು ನಿಂತ ಸೇಂಟ್ ಜಾನ್ ಆಂಬುಲೆನ್ಸ್‌ನ ಸ್ವಯಂಸೇವಕ ಸಂಸ್ಥೆ, ಇವರೆಲ್ಲ ಸಾಲಿನ ಕೊನೆಗೆ. ಪೌಂಡಿಗೆ ಕೆಲವೇ ಪೆನ್ನಿ. ಮೈದಾನದ ಸುತ್ತಲಿನ ಸಣ್ಣವರೇ ಕ್ಲಬ್ಬಿನ ದೊಡ್ಡಸ್ತಿಕೆಯ ಖರ್ಚು ಹೊರುತ್ತಾರೆ.

ಸ್ಕಾಟ್ಲೆಂಡಿನ ಗ್ಲಾಸ್ಗೋದ ರೇಂಜರ್ಸ್ ಕ್ಲಬ್ಬಿನ ಕತೆಯಲ್ಲಿ ಚೇಣಿ ಇನ್ನೂ ನೇರ. 2011ರ ಮೇ ತಿಂಗಳಲ್ಲಿ ಕ್ರೇಗ್ ವೈಟ್ ಎಂಬವರು ಆ ಕ್ಲಬ್ಬನ್ನು ಒಂದು ಪೌಂಡಿಗೆ ಕೊಂಡರು. ಬ್ಯಾಂಕಿನ 1 ಕೋಟಿ 80 ಲಕ್ಷ ಪೌಂಡ್ ಸಾಲ ತೀರಿಸುವ ಮಾತು ಕೊಟ್ಟಿದ್ದರು, ತೀರಿಸಿದರು ಕೂಡ. ಅಭಿಮಾನಿಗಳು ಚಪ್ಪಾಳೆ ತಟ್ಟಿದರು. ಆ ಹಣ ಟಿಕೆಟಸ್ ಎಂಬ ಸಂಸ್ಥೆಯಿಂದ ಬಂದದ್ದು, ಪ್ರತಿಯಾಗಿ ಕೊಟ್ಟಿದ್ದು ಮುಂದಿನ ವರ್ಷಗಳ ಸೀಸನ್ ಟಿಕೆಟ್ಟು, ಅಂದರೆ ಅಭಿಮಾನಿಗಳು ಇಡೀ ವರ್ಷದ ಪಂದ್ಯಗಳಿಗೆ ಒಮ್ಮೆಲೇ ಕೊಳ್ಳುವ ಟಿಕೆಟ್ಟು. ಅಂದರೆ ಕ್ಲಬ್ಬನ್ನು ಕೊಂಡದ್ದು ಚಪ್ಪಾಳೆ ತಟ್ಟಿದವರ ಜೇಬಿನಿಂದಲೇ! ಇದರ ಜೊತೆಗೆ ಸಂಬಳದಲ್ಲಿ ಹಿಡಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವುದನ್ನೇ ನಿಲ್ಲಿಸಿದರು. ನೌಕರರ ಕೈಯಿಂದ ಪಿಎಫ್ ಹಿಡಿದು ಕಚೇರಿಗೆ ಕಟ್ಟದ ಧಣಿಗಳಿರುತ್ತಾರಲ್ಲ, ಅದೇ ಜಾತಿ. 2012ರ ಫೆಬ್ರವರಿ 14ಕ್ಕೆ ಆಡಳಿತಾಧಿಕಾರಿ, ಜೂನಿನಲ್ಲಿ ತೆರಿಗೆ ಇಲಾಖೆ ಬಾಕಿಯ ರಾಜಿಯನ್ನು ನಿರಾಕರಿಸಿತು, ಹಳೆಯ ಕಂಪನಿ ಮುಚ್ಚಿತು. ಐವತ್ತನಾಲ್ಕು ಬಾರಿ ಸ್ಕಾಟ್ಲೆಂಡಿನ ಲೀಗ್ ಗೆದ್ದಿದ್ದ ತಂಡ ಹೊಸ ಕಂಪನಿಯ ಕೈಯಲ್ಲಿ ನಾಲ್ಕನೆಯ ದರ್ಜೆಯಿಂದ ಮತ್ತೆ ಆಡಬೇಕಾಯಿತು.

ಬರಿ ಎಂಬ ಸಣ್ಣ ಊರಿನ ಕ್ಲಬ್ಬಿನಲ್ಲಿ ಅಡವಿಡಲು ಬೇರೇನೂ ಉಳಿಯದೆ ಕಾರು ನಿಲ್ಲಿಸುವ ಜಾಗಗಳನ್ನೇ ಹೂಡಿಕೆದಾರರಿಗೆ ಮಾರಿದ್ದರು. 1885ರಲ್ಲಿ ಹುಟ್ಟಿದ ಆ ಕ್ಲಬ್ಬನ್ನು 2019ರ ಆಗಸ್ಟ್ 27ರಂದು ಲೀಗಿನಿಂದ ಹೊರಹಾಕಿದರು. ಇನ್ನು ಸ್ಪೇನಿನ ಬಾರ್ಸಿಲೋನಾ. ಅಲ್ಲಿ ಮಾಲೀಕ ಎಂಬೊಬ್ಬನಿಲ್ಲ, ಸದಸ್ಯರೇ ಅಧ್ಯಕ್ಷರನ್ನು ಆರಿಸುತ್ತಾರೆ. ನೆಯ್ಮಾರ್‌ನನ್ನು ಬಿಟ್ಟುಕೊಟ್ಟು 2017ರಲ್ಲಿ 22 ಕೋಟಿ 20 ಲಕ್ಷ ಯೂರೋ ಬಂದಿತ್ತು. ನಾಲ್ಕೇ ವರ್ಷಕ್ಕೆ ಹೊಸ ಅಧ್ಯಕ್ಷರು ಸಾಲದ ಮೊತ್ತ 135 ಕೋಟಿ ಯೂರೋ ಎಂದು ಬಹಿರಂಗವಾಗಿ ಹೇಳಬೇಕಾಯಿತು, ಮೆಸ್ಸಿ ಹೊರಟುಹೋದ. 2022ರಲ್ಲಿ ಅದೇ ಹೊಸ ಮಂಡಳಿ ತನ್ನ ಸ್ಪ್ಯಾನಿಷ್ ಲೀಗಿನ ಟಿವಿ ಹಣದ ಕಾಲು ಭಾಗವನ್ನು 25 ವರ್ಷಕ್ಕೆ ಮಾರಿತು. ಮತ್ತೆ ಇಪ್ಪತ್ತೈದು! ಜರ್ಮನಿಯಲ್ಲಿ ಅರ್ಧಕ್ಕಿಂತ ಒಂದು ಮತ ಹೆಚ್ಚು ಸದಸ್ಯರ ಬಳಿಯೇ ಇರಬೇಕೆಂಬ ನಿಯಮವಿದೆ. ಹಾಗಿದ್ದೂ ಅಲ್ಲಿನ ಡಾರ್ಟ್‌ಮಂಡ್ ಕ್ಲಬ್ 2005ರಲ್ಲಿ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ಮತ ಇದ್ದರೆ ಸಾಲದು, ಮತ ಇರುವವನಿಗೆ ಆಯವ್ಯಯ ಪಟ್ಟಿ ಓದಲು ಬರಬೇಕು.

ನಮ್ಮ ದೇಶದಲ್ಲಿ ರೋಗದ ಲಕ್ಷಣ ಬೇರೆ. ಇಲ್ಲಿನ ಬಹಳಷ್ಟು ಹಳೆಯ ತಂಡಗಳು ಯಾವುದೋ ಕಾರ್ಖಾನೆಯ ಹೆಗಲ ಮೇಲೆ ಕೂತಿದ್ದವು. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ ಒಂದು ಬಟ್ಟೆ ಗಿರಣಿಯ ತಂಡ, 2011ರಲ್ಲಿ ಮುಚ್ಚಿತು. ಮಹೀಂದ್ರಾ ಯುನೈಟೆಡ್ ಅದಕ್ಕೆ ಒಂದು ವರ್ಷ ಮೊದಲೇ ಹೋಗಿತ್ತು. ಕಂಪನಿಯ ಒಂದು ಸುತ್ತೋಲೆಗೆ ಇಡೀ ತಂಡ ಇಲ್ಲವಾಗುವುದು ಹೇಗೆಂದು ಭದ್ರಾವತಿಯವರಿಗೆ ವಿವರಿಸುವುದು ಬೇಡ. ಇನ್ನು ಚೇಣಿ ಇಲ್ಲಿಯೂ ಇದೆ, ಒಂದು ಕ್ಲಬ್ಬಿಗಲ್ಲ, ಇಡೀ ದೇಶದ ಆಟಕ್ಕೆ. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಒಂದೇ ಕಡೆ ಕೊಟ್ಟಿತು. ಹಣ ಬಂತು, ಲೀಗೂ ಹುಟ್ಟಿತು. ಆ 15 ವರ್ಷ ಮುಗಿಯುವ ಹೊತ್ತಿಗೆ ಮುಂದಿನ ಕರಾರು ಸಿದ್ಧವಾಗಿರಲಿಲ್ಲ. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗನ್ನು ತಡೆಹಿಡಿದರು, ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ನಿಲ್ಲಿಸಿತು. ಚೇಣಿ ಮುಗಿಯುವ ದಿನ ಹದಿನೈದು ವರ್ಷ ಮೊದಲೇ ಗೊತ್ತಿತ್ತಲ್ಲ!

ಅಭಿಮಾನಿಗಳು ಎಚ್ಚೆತ್ತ ಕಡೆಯೂ ಇದೆ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಬೇರೆ ಊರಿಗೆ ಸಾಗಿಸಲು 2002ರಲ್ಲಿ ಅನುಮತಿ ಸಿಕ್ಕಾಗ ಅಭಿಮಾನಿಗಳು ತಮ್ಮದೇ ಹೊಸ ಕ್ಲಬ್ ಕಟ್ಟಿ ಒಂಬತ್ತು ವರ್ಷಕ್ಕೆ ಇಂಗ್ಲೆಂಡಿನ ವೃತ್ತಿಪರ ಲೀಗ್ ತಲುಪಿದರು. 2008ರಲ್ಲಿ ಇಂಗ್ಲೆಂಡಿನ ಪ್ರತಿಷ್ಠಿತ ಎಫ್‌ಎ ಕಪ್ ಗೆದ್ದು 2010ರಲ್ಲೇ ಮುಳುಗಿದ ಪೋರ್ಟ್ಸ್‌ಮತ್‌ನಲ್ಲಿ, ಸಾವಿರ ಪೌಂಡಿನ ಷೇರು ಮಾಡಿ 2013ರಲ್ಲಿ ಅಭಿಮಾನಿಗಳ ಟ್ರಸ್ಟ್ ಕ್ಲಬ್ಬನ್ನು ಕೊಂಡಿತು. ಬ್ರಿಟನ್ 2025ರಲ್ಲಿ ಕಾಯಿದೆ ಮಾಡಿ ಇಂಗ್ಲೆಂಡಿನ ಫುಟ್ಬಾಲಿಗೆ ಸ್ವತಂತ್ರ ನಿಯಂತ್ರಕರನ್ನು ತಂದಿದೆ. ಎಲ್ಲ ಮುಳುಗಿದ ಮೇಲೆ ಬಂದ ದೋಣಿಗಳು, ಆದರೂ ಬಂದವು.

ಇಷ್ಟು ದೂರದ ಮಾತು ಇಲ್ಲಿ ಯಾಕೆ ಎಂದರೆ, ನಿಮ್ಮ ಊರಿನ ಯುವಕ ಸಂಘದ ಮಳೆಗಾಲದ ಪಂದ್ಯಾವಳಿಯೂ ಇದೇ ಗಣಿತದಲ್ಲಿ ಸೋಲುತ್ತದೆ. 24 ತಂಡಕ್ಕೆ 2,000 ರೂಪಾಯಿ ಪ್ರವೇಶ ಶುಲ್ಕ ಅಂದರೆ 48,000. ಕರಪತ್ರದಲ್ಲಿ ಮೊದಲ ಬಹುಮಾನ 50,000 ಎಂದು ಅಚ್ಚು ಹಾಕಿದಿರಿ. ಎರಡನೆಯ ಬಹುಮಾನ, ರೆಫರಿ, ಬಲೆ, ಚೆಂಡು, ಶಾಮಿಯಾನ, ಊಟ ಎಲ್ಲ ದಾನಿಗಳ ಮೇಲೆ. ಮಳೆ ಹೆಚ್ಚಾಗಿ ಎರಡು ದಿನ ಮುಂದೂಡಿದರೆ ಶಾಮಿಯಾನದ ಬಾಡಿಗೆ ದುಪ್ಪಟ್ಟು, ದೂರದ ತಂಡ ವಾಪಸ್, ಅವರ ಶುಲ್ಕವೂ ವಾಪಸ್. ಕಾರ್ಯದರ್ಶಿ ಕೈಸಾಲ ಮಾಡುತ್ತಾನೆ. ಮುಂದಿನ ವರ್ಷದ ಪ್ರವೇಶ ಶುಲ್ಕದಲ್ಲಿ ಅದನ್ನು ತೀರಿಸುತ್ತಾನೆ. ಮೂರನೆಯ ವರ್ಷ ಸಂಘವೇ ಒಡೆಯುತ್ತದೆ, ಕಾರ್ಯದರ್ಶಿ ದುಡ್ಡು ತಿಂದ ಎಂಬ ಮಾತೂ ಹುಟ್ಟುತ್ತದೆ. ಪಾಪ, ಎಷ್ಟೋ ಸಲ ಅವನು ತಿಂದಿರುವುದಿಲ್ಲ.

ಹಾಗಾಗಿ ಪಂದ್ಯಾವಳಿಗೆ ಬೇರೆಯೇ ಬ್ಯಾಂಕ್ ಖಾತೆ ಇರಲಿ, ಚೆಕ್ಕಿಗೆ ಇಬ್ಬರ ಸಹಿ. ರಸೀದಿ ಪುಸ್ತಕಕ್ಕೆ ಅಚ್ಚಾದ ಕ್ರಮಸಂಖ್ಯೆ, ಉಳಿದ ಹಾಳೆ ಹರಿಯದೆ ಅಡ್ಡಗೆರೆ. ಕೈಗೆ ಬಂದಿರುವ ಹಣದ ಮೂರನೆ ಎರಡು ಭಾಗ ದಾಟಿ ಬಹುಮಾನ ಘೋಷಿಸಬೇಡಿ. ದಾನಿಯ ಬಾಯಿಮಾತು ಬಂದ ಹಣವಲ್ಲ.

ನೋಂದಾಯಿತ ಸಂಘವಾದರೆ ಕಾನೂನು ನಿಮ್ಮ ಕಡೆ ಇದೆ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರದು. ವರ್ಷಕ್ಕೊಂದು ಮಹಾಸಭೆ ನಡೆಯಲೇಬೇಕು. ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಎರಡೂ ಜಿಲ್ಲಾ ನೋಂದಣಾಧಿಕಾರಿಯ ಕಚೇರಿ ಸೇರಬೇಕು. ಸಭೆಯಲ್ಲಿ ಲೆಕ್ಕ ಓದುವಾಗ ಚಹಾ ಬರುವ ಮೊದಲೇ ಒಂದು ಪ್ರಶ್ನೆ ಕೇಳಿಬಿಡಿ: ಇದರಲ್ಲಿ ಮುಂದಿನ ವರ್ಷದ ಹಣ ಎಷ್ಟು ಸೇರಿದೆ? ಮುಂಗಡ ಎಂಬ ಸಾಲು ಎರಡು ವರ್ಷ ಬೆಳೆಯುತ್ತ ಹೋದರೆ, ಲೆಕ್ಕ ಪರಿಶೋಧಕರು ಕಾರಣವಿಲ್ಲದೆ ಬದಲಾದರೆ, ಮಂಡಳಿಯವರ ನೆಂಟರ ಅಂಗಡಿಯಿಂದಲೇ ಜೆರ್ಸಿ ಬರುತ್ತಿದ್ದರೆ, ಮತ್ತೆ ಕೇಳಿ. ಉತ್ತರ ಸಿಗದಿದ್ದರೆ ಅದೇ ಕಾಯಿದೆಯ 25ನೆಯ ಕಲಂ ಇದೆ. ಸದಸ್ಯರಲ್ಲಿ ಮೂರನೆ ಒಂದು ಭಾಗದಷ್ಟು ಜನ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. ಅರವತ್ತು ಜನರ ಸಂಘದಲ್ಲಿ ಇಪ್ಪತ್ತು ಸಹಿ. ಸಹಿ ಹಾಕುವ ಮೊದಲು ನಿಮ್ಮ ಚಂದಾ ಬಾಕಿ ಇದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಎದುರಿನವರು ಮೊದಲು ಹುಡುಕುವುದು ಅದನ್ನೇ.

ನಮಸ್ಕಾರ.