ಹಿತ್ತಲಿಗೊಂದು ಬೆಂಕಿ ತೊಟ್ಟಿ, ಜೊತೆಗೆ 1,150 ರೂಪಾಯಿ ಟಬ್ಬಿನ ಕಥೆ

ನಮಸ್ಕಾರ. ಹಿಂದೆ ಕೂಗುತ್ತಿರುವುದು ಪಕ್ಕದ ಮನೆ ಕೋಳಿ, ಎಡಿಟ್‌ನಲ್ಲಿ ತೆಗೆಯಲ್ಲ. ಚಿಕ್ಕಬಳ್ಳಾಪುರ, ಡಿಸೆಂಬರ್, ಬೆಳಗ್ಗೆ ಆರೂವರೆ. ಆ ತೆಂಗಿನಮರದ ಹಿಂದೆ ನಂದಿ ಬೆಟ್ಟ ಇದೆ. ನಂಬಿ, ಇದೆ. 1,478 ಮೀಟರ್ ಎತ್ತರದ ಬೆಟ್ಟ, ಇವತ್ತು ಮಂಜಿನಲ್ಲಿ ಬುಡವೂ ಕಾಣುತ್ತಿಲ್ಲ. ಬೆಂಗಳೂರಿನವರು ಭಾನುವಾರ ಬಂದರೆ ಸಾಕು, ಕತ್ತಲಲ್ಲೇ ಬೈಕು ಹತ್ತಿ ಸೂರ್ಯ ಹುಟ್ಟೋದು ನೋಡೋಕೆ ಇಲ್ಲಿಗೆ ಓಡಿ ಬರುತ್ತಾರೆ. ನಮಗೆ ರಗ್ಗಿನಿಂದ ಕಾಲು ಹೊರಗೆ ಹಾಕೋಕೆ ಆಗಲ್ಲ. ಸರಿ, ಶಾಟ್ ಮುಗೀತು, ಕೆಲಸಕ್ಕೆ ಬರೋಣ.

ಇವತ್ತು ಮಾಡುತ್ತಿರುವುದು ಫೈರ್ ಪಿಟ್. ಅಜ್ಜಿಗೆ ಹಾಗೆ ಹೇಳಿದೆ. "ಬೆಂಕಿ ಕಾಯಿಸ್ಕೊಳ್ಳೋಕೂ ದುಡ್ಡು ಕೊಟ್ಟು ತೊಟ್ಟಿ ಮಾಡಿಸ್ತಾರೇನೋ? ನಾಲ್ಕು ಸೌದೆ ಹಾಕಿ ಹಚ್ಚು" ಅಂದರು. ಹೋದ ವರ್ಷ ಹಾಗೇ ಹಚ್ಚಿದ್ದು. ಗಾಳಿ ಬೀಸಿ, ಕಿಡಿ ಹಾರಿ, ತಂತಿ ಮೇಲೆ ಒಣಗುತ್ತಿದ್ದ ಅಮ್ಮನ ಸೀರೆಗೆ ಮೂರು ತೂತು. ಅದರಲ್ಲೂ ಸೆರಗಿಗೆ. ಅವತ್ತಿನಿಂದ ಈ ಹಿತ್ತಲಲ್ಲಿ ಬೆಂಕಿಪೊಟ್ಟಣ ತೆಗೆದರೂ ಅಮ್ಮ ಕಿಟಕಿಗೆ ಬರುತ್ತಾರೆ.

ಅಳತೆ ಹಾಕೋದು, ಗೆರೆ ಎಳೆಯೋದು ಎಲ್ಲಾ ನೀವೇ ನೋಡುತ್ತಿದ್ದೀರಿ. ನಾನು ಅಷ್ಟರಲ್ಲಿ ಈ ಟಬ್ಬಿನ ವಿಷಯ ಹೇಳಿಬಿಡುತ್ತೇನೆ.

ಮೂಲೆಯಲ್ಲಿ ಹೊಳೆಯುತ್ತಿದೆಯಲ್ಲ, ಅದೇ. ಜಿಐ ಶೀಟಿನ ಟಬ್. ಅಂಗಡಿಯಲ್ಲಿ ನೋಡಿದೆ, ಎರಡು ಅಡಿ ಅಗಲ, ದುಂಡಗೆ, ಬೆಳ್ಳಿ ಥರ ಮಿಂಚುತ್ತಿತ್ತು. ಬುಡದ ಸುತ್ತ ತೂತು ಕೊರೆದರೆ ಫೈರ್ ಪಿಟ್ ರೆಡಿ ಅಂದುಕೊಂಡೆ. 1,350 ಹೇಳಿದರು, 1,150ಕ್ಕೆ ಇಳಿಸಿದೆ. ಇಳಿಸಿದ್ದಕ್ಕೆ ಖುಷಿ ಬೇರೆ. ಮನೆಗೆ ತಂದು ಅವತ್ತೇ ಹದಿನಾರು ತೂತು ಕೊರೆದೆ. ಒಂದು ಡ್ರಿಲ್ ಬಿಟ್ ಮುರಿಯಿತು, ಅದು 60 ರೂಪಾಯಿ. ಆಮೇಲೆ ಕಾಲು ಕೂರಿಸೋಕೆ ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆ.

ವೆಲ್ಡಿಂಗ್ ಅಣ್ಣ ಟಬ್ಬನ್ನು ಉಗುರಲ್ಲಿ ಒಂದು ಸಲ ಕೆರೆದು ನೋಡಿದರು, ಅಷ್ಟೇ. "ಇದಕ್ಕೆ ಬೆಂಕಿ ಹಾಕ್ತೀರಾ ಸಾರ್?" ಹೌದು ಅಂದೆ. "ಇದರ ಮೇಲಿರೋದು ಸತು. ಕಾದ್ರೆ ಬೆಳ್ಳಗೆ ಹೊಗೆ ಬಿಡುತ್ತೆ. ಅದು ಕುಡಿದ್ರೆ ರಾತ್ರಿಗೆ ಚಳಿಜ್ವರ ಗ್ಯಾರಂಟಿ. ನಾವು ಜಿಐ ವೆಲ್ಡಿಂಗ್ ಮಾಡಿದ ದಿನ ಅರ್ಧ ಲೀಟರ್ ಹಾಲು ಕುಡಿದು ಮಲಗ್ತೀವಿ."

ಹಾಲಿಗೂ ಆ ಜ್ವರಕ್ಕೂ ಏನು ಸಂಬಂಧವೋ, ನನಗಂತೂ ನಂಬಿಕೆ ಇಲ್ಲ. ಹೊಗೆ ಮಾತ್ರ ನಿಜ. ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಒಳ್ಳೆ ಸೌದೆ ಕೆಂಡಕ್ಕೆ ಗಾಳಿ ಆಡಿದರೆ ಆ ಬಿಸಿ ದೊಡ್ಡ ಮಾತಲ್ಲ. ಅದರ ಸುತ್ತ ಕುರ್ಚಿ ಹಾಕಿಕೊಂಡು, ಅದರ ಮೇಲೆ ಜೋಳ ಸುಟ್ಟು ತಿನ್ನೋಣ ಅಂತಿದ್ದೆ ನಾನು!

ವಾಪಸ್ ಕೊಡೋಣ ಅಂತ ಹೋದರೆ ಅಂಗಡಿಯವರು ಟಬ್ಬನ್ನು ಎತ್ತಿ ಬೆಳಕಿಗೆ ಹಿಡಿದರು. ಹದಿನಾರು ತೂತಿನಿಂದ ಹದಿನಾರು ಬೆಳಕು. ಏನೂ ಮಾತಾಡದೆ ಕೆಳಗಿಟ್ಟರು. ನಾನೂ ಏನೂ ಮಾತಾಡಲಿಲ್ಲ. ಇನ್ನು ನೀರು ಹಿಡಿಯೋಕೂ ಬರಲ್ಲ. 1,150 ರೂಪಾಯಿ. ಈ ಸೀಜನ್ನಿನಲ್ಲಿ ಅಷ್ಟು ದುಡ್ಡಿಗೆ ಎಷ್ಟು ಅವರೆಕಾಯಿ ಬರುತ್ತಿತ್ತು, ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಮಾತಿಗೆ ಹೇಳುತ್ತೇನೆ, ಸೊಗಡು ಇರುವ ಅವರೆ ಬೇಕಾದರೆ ಇಬ್ಬನಿ ಬೀಳುವ ಈ ತಿಂಗಳಲ್ಲೇ ತಿನ್ನಬೇಕು. ಫ್ರಿಜ್‌ನಲ್ಲಿಟ್ಟ ಹಿತಕಿದ ಬೇಳೆ ಬೇಳೆಯೇ ಅಲ್ಲ. ಅಯ್ಯೋ, ಕಟಿಂಗ್ ಮುಗೀತು.

ಈಗ ನೋಡುತ್ತಿರುವುದು ಎಂಎಸ್ ಶೀಟ್, ಅಂದರೆ ಸತು ಹಚ್ಚದ ಮೈಲ್ಡ್ ಸ್ಟೀಲ್ ತಗಡು, ಮೂರು ಎಂಎಂ. ಒಂದು ಅಡಿ ಎತ್ತರ, ಆರೂಕಾಲು ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದ. ಸುತ್ತಿದರೆ ಎರಡು ಅಡಿ ಅಗಲದ ಬಳೆ. ತೂಕ ಸುಮಾರು 14 ಕೆಜಿ ಬಂತು. ಇದನ್ನು ಮನೆಯಲ್ಲೇ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದೆ ಅಂತ ವಿಡಿಯೋ ಹಾಕುವವರನ್ನು ನಂಬಬೇಡಿ. ನಾನು ಅರ್ಧ ಗಂಟೆ ಬಡಿದೆ, ಬೀದಿಯವರೆಲ್ಲಾ ಎದ್ದರು, ಶೀಟ್ ಬಗ್ಗಲಿಲ್ಲ. ರೋಲಿಂಗ್ ಮಷಿನ್ನಿಗೆ ಕೊಟ್ಟರೆ ಐದು ನಿಮಿಷ.

ಹೊಗೆ ಬಾರದ ಫೈರ್ ಪಿಟ್ ಅಂತ ಮಾರುತ್ತಾರಲ್ಲ, ಅದಕ್ಕೆ ಎರಡು ಗೋಡೆ ಇರುತ್ತದೆ. ನಡುವೆ ಗಾಳಿ ಬಿಸಿಯಾಗಿ ಮೇಲಿನ ತೂತಿಂದ ಒಳಗೆ ನುಗ್ಗಿ, ಹೊಗೆಯನ್ನೇ ಉರಿಸಿಬಿಡುತ್ತದೆ. ಚೆನ್ನಾಗಿದೆ ಐಡಿಯಾ. ಆದರೆ ಇನ್ನೊಂದು ಶೀಟ್ ತರೋಕೆ ದುಡ್ಡು ಟಬ್ಬಿನಲ್ಲಿದೆ. ನಮ್ಮದು ಒಂಟಿ ಗೋಡೆ, ಬುಡದಲ್ಲಿ ಹನ್ನೆರಡು ತೂತು. ಒಳಗೆ ಮೂರು ಇಂಚು ಎತ್ತರಕ್ಕೆ ಹಳೇ ಕಂಬಿಯ ಜಾಲರಿ. ಕೆಳಗಿಂದ ಗಾಳಿ ಬರಲಿಲ್ಲ ಅಂದರೆ ಉರಿಯಲ್ಲ, ಸುಮ್ನೆ ಹೊಗೆಯಾಡುತ್ತಾ ಕೂತಿರುತ್ತದೆ.

ಬಣ್ಣ ಹೊಡೆಯಲ್ಲ. ಕಬ್ಬಿಣ ಕಬ್ಬಿಣದ ಥರ ಇರಬೇಕು. ಬಣ್ಣ ಹೊಡೆದ ಬೆಂಕಿ ತೊಟ್ಟಿ ಬರೀ ಶೋಕಿ.

ಕೆಳಗೆ ಕಡಪ ಕಲ್ಲು ಹಾಕು ಅಂದರು ಅಪ್ಪ. ಬೇಡ ಅಂದೆ. ನೀರು ಕುಡಿದ ಕಲ್ಲು ಒಂದೇ ಸಲ ಕಾದರೆ ಠಪ್ ಅಂತ ಸಿಡಿಯುತ್ತದೆ, ಚೂರು ಮುಖಕ್ಕೇ ಬರುತ್ತದೆ. ಅದಕ್ಕೆ ಹುಲ್ಲು ಕೆತ್ತಿ, ಒಣ ಮರಳು ಹಾಕಿ, ಮೇಲೆ ಇಟ್ಟಿಗೆ.

ಸಂಜೆ ಆಯಿತು. ಈ ಸಣ್ಣ ಕಡ್ಡಿಗಳು ಶಿಡ್ಲಘಟ್ಟದ ಮಾವನ ತೋಟದ್ದು. ಹುಳ ಹಿಪ್ಪುನೇರಳೆ ಸೊಪ್ಪು ತಿಂದಮೇಲೆ ಉಳಿಯುವ ಕಡ್ಡಿ. ಸೊರ್ ಅಂತ ಹತ್ತಿಕೊಳ್ಳುತ್ತದೆ, ಹತ್ತೇ ನಿಮಿಷಕ್ಕೆ ಬೂದಿ. ಆಮೇಲೆ ನೀಲಗಿರಿ ತುಂಡು. ಮಾವನಿಗೆ ನೀಲಗಿರಿ ಅಂದರೆ ಆಗಲ್ಲ, ನೆಲದ ನೀರೆಲ್ಲಾ ಕುಡಿದುಬಿಟ್ಟಿತು ಅಂತ ಬೈಯುತ್ತಲೇ ಇರುತ್ತಾರೆ. ಬೈಯುತ್ತಲೇ ಎರಡು ಮೂಟೆ ಸೌದೆ ಆಟೋದಲ್ಲಿ ಹಾಕಿ ಕಳಿಸಿದರು.

ದುಡ್ಡು ಕೊಟ್ಟು ತೊಟ್ಟಿ ಮಾಡಿಸ್ತಾರಾ ಅಂದವರು ಎಲ್ಲಿ ಕೂತಿದ್ದಾರೆ ನೋಡಿ. ಎಲ್ಲರಿಗಿಂತ ಮುಂದೆ, ಶಾಲು ಹೊದ್ದು. ಕೆಂಡದೊಳಗೆ ಗೆಣಸು ತಳ್ಳಿ, ಅದರ ಮೇಲೆ ಬೂದಿ ಎಳೆಯುತ್ತಿದ್ದಾರೆ. ಬರಿಗೈಯಲ್ಲಿ. ನಾನು ಇಲ್ಲಿ ಗ್ಲೌಸ್ ಹಾಕಿಕೊಂಡು ನಿಂತಿದ್ದೇನೆ.

ಇದು ಮಾರನೇ ದಿನ ಬೆಳಗ್ಗೆ. ರಾತ್ರಿ ಇಬ್ಬನಿ ಬಿದ್ದಿದೆ. ಒಂದೇ ರಾತ್ರಿಗೆ ಇಡೀ ಬಳೆ ಕೇಸರಿ ಬಣ್ಣ, ಬೆರಳಿಟ್ಟರೆ ಬೆರಳಿಗೆ ತುಕ್ಕು. ಬಣ್ಣ ಹೊಡೀಬೇಕಿತ್ತು. ನಿನ್ನೆ ಏನು ಹೇಳಿದೆನೋ ಅದನ್ನು ಮರೆತುಬಿಡಿ. ಬಿಸಿ ತಡೆಯುವ ಅಲ್ಯೂಮಿನಿಯಂ ಪೇಂಟ್ ಬೇಕು, ಮಾಮೂಲಿ ಎನಾಮಲ್ ಸುಟ್ಟು ನಾರುತ್ತದೆ. ಅಂಗಡಿಯಲ್ಲಿ ವಿಚಾರಿಸಿದೆ, ಸಣ್ಣ ಡಬ್ಬಿಗೇ 380 ಅಂದರು. ಈ ಸಲ ಚೌಕಾಸಿ ಮಾಡಲಿಲ್ಲ, ನೋಡಿ ಹೇಳ್ತೀನಿ ಅಂತ ಬಂದೆ.

ಟಬ್ಬಿಗೆ ಅಮ್ಮ ಮಣ್ಣು ತುಂಬಿ ಕೊತ್ತಂಬರಿ ಬೀಜ ಹಾಕಿದ್ದಾರೆ. ನೀರು ಹೋಗೋಕೆ ತೂತು ಬೇಕು ಅಂತ ಹುಡುಕುತ್ತಿದ್ದರಂತೆ.