ಬಿಕ್ಕಳಿಕೆ ಬಂದಾಗ ನಾಡಿ ಹಿಡಿದು ನೋಡಿ

ಕೇಳುಗರಿಗೆ ನಮಸ್ಕಾರ.

ಬಿಕ್ಕಳಿಕೆ ಬಂದರೆ ನಾವೇನು ಮಾಡುತ್ತೇವೆ? ಯಾರೋ ನೆನೆಸಿಕೊಂಡರು ಅನ್ನುತ್ತೇವೆ. ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತೇವೆ. ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಜೊತೆಗೆ ನಾಡಿ ಹಿಡಿದು ನೋಡಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ.

ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಸ್ನಾಯು ಇದೆ. ಅದು ಥಟ್ಟನೆ ಸೆಳೆದುಕೊಂಡು, ಗಂಟಲಿನ ಬಾಗಿಲು ಮುಚ್ಚಿಕೊಂಡಾಗ ಬರುವ ಸದ್ದೇ ಬಿಕ್ಕಳಿಕೆ. ಹೃದಯ ಕೂತಿರುವುದು ಆ ವಪೆಯ ಮೇಲೇ! ವೇಗಸ್ ಅನ್ನುವ ನರ ಎರಡು ಕಡೆಗೂ ಬೇಕಾದದ್ದು. ಬಿಕ್ಕಳಿಕೆಯಲ್ಲೂ ಅದರ ಕೈವಾಡ ಇದೆ, ಹೃದಯದ ಬಡಿತ ನಿಧಾನ ಮಾಡುವುದೂ ಅದೇ. ಉಸಿರು ಬಿಗಿಹಿಡಿದಾಗ ನಾವು ತಟ್ಟುವುದು ಅದೇ ನರವನ್ನು.

ಒಬ್ಬ ಅಜ್ಜಿಯ ಕತೆ ಹೇಳಲೇಬೇಕು. ಪೇಸ್‌ಮೇಕರ್, ಅಂದರೆ ವೈರಿನ ಮೂಲಕ ಹೃದಯಕ್ಕೆ ಕರೆಂಟು ಕೊಟ್ಟು ಬಡಿಸುವ ಪುಟ್ಟ ಯಂತ್ರ, ಹಾಕಿಸಿಕೊಂಡು ಮನೆಗೆ ಹೋಗಿದ್ದರು. ಎಡಗೈ ಮೇಲೆತ್ತಬೇಡಿ ಅಂತ ನಾಲ್ಕು ಸಲ ಹೇಳಿ ಕಳಿಸಿದ್ದೆ. ವಾರದೊಳಗೆ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಿದ್ದಾರೆ! ಅವತ್ತೇ ರಾತ್ರಿ ಬಿಕ್ಕಳಿಕೆ ಶುರು. ಸಕ್ಕರೆ ಆಯಿತು, ಜೀರಿಗೆ ಆಯಿತು, ಮೊಮ್ಮಗ ಬಾಗಿಲ ಹಿಂದೆ ನಿಂತು ಹೆದರಿಸಿದ್ದೂ ಆಯಿತು. "ಅಮೆರಿಕದಲ್ಲಿರೋ ಮಗಳು ನೆನೆಸ್ಕೋತಿದಾಳೆ" ಅಂತ ಅಜ್ಜಿ ಖುಷಿಯಾಗಿದ್ದರಂತೆ. ಸೊಸೆ ಮಾತ್ರ ಗಡಿಯಾರ ಹಿಡಿದು ಕೂತರು. ನಿಮಿಷಕ್ಕೆ ಸರಿಯಾಗಿ 60 ಬಿಕ್ಕಳಿಕೆ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾಡಿ ಹಿಡಿದರೆ ಅದು 40ರ ಆಸುಪಾಸು! ಪೇಸ್‌ಮೇಕರನ್ನು ನಾವು ಇಟ್ಟಿದ್ದೇ 60ಕ್ಕೆ. ವೈರು ಜರುಗಿ, ಹೃದಯಕ್ಕೆ ಹೋಗಬೇಕಾದ ಕರೆಂಟು ವಪೆಯನ್ನು ಕುಟ್ಟುತ್ತಿತ್ತು. ವೈರು ಸರಿಮಾಡಿದೆವು, ಬಿಕ್ಕಳಿಕೆ ನಿಂತಿತು, ನಾಡಿ 60ಕ್ಕೆ ಬಂತು. ಅಷ್ಟು ಓದಿದ ನಮಗಿಂತ ಆ ಸೊಸೆ ಮೊದಲು ಕಂಡುಹಿಡಿದಿದ್ದರು, ಅಲ್ವಾ? ನಾಡಿ ಹಿಡಿದಿದ್ದಕ್ಕೆ.

ಅಜ್ಜಿಯ ಕತೆಯಲ್ಲೇ ಸಮಯ ಓಡಿತು. ಉಳಿದಿದ್ದು ಬೇಗ ಹೇಳುತ್ತೇನೆ. ಹೃದಯದ ಕೆಳಗೋಡೆಗೆ ಆಘಾತವಾದರೆ ಕೆಲವರಿಗೆ ಬಿಕ್ಕಳಿಕೆ ಬರುವುದುಂಟು. ಜೊತೆಗೆ ಬೆವರು, ಎದೆ ಬಿಗಿತ, ತಲೆಸುತ್ತು ಇದ್ದರೆ ಸಕ್ಕರೆ ಡಬ್ಬಿ ಹುಡುಕಬೇಡಿ, ಆಂಬುಲೆನ್ಸಿಗೆ 108 ಒತ್ತಿ. ಏನೂ ಇಲ್ಲದೆ ಬರೀ ಬಿಕ್ಕಳಿಕೆಯೇ 48 ಗಂಟೆ ದಾಟಿದರೂ ಡಾಕ್ಟರ ಹತ್ತಿರ ಹೋಗಿ, ಇಸಿಜಿ ಮಾಡಿಸಬೇಕಾ ಅಂತ ಕೇಳಿ.

ನಾಡಿ ನೋಡುವುದು ಹೇಗೆ ಅಂದರೆ, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಡಿ. ಪೂರ್ತಿ ಒಂದು ನಿಮಿಷ ಎಣಿಸಿ. ಸುಮ್ನೆ ಕೂತಾಗ 60ರಿಂದ 100 ಇದ್ದರೆ ಸರಿ. ರೇಡಿಯೊ ಆರಿಸಬೇಡಿ, ಈಗಲೇ ಎಣಿಸಿ. ನಮಸ್ಕಾರ.