ರೋಗಿಗಿಂತ ಮೊದಲು ದಾಖಲೆ ಹೊರಡಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಕಿತ್ಸೆಗೆಂದು ಬೇರೊಂದು ದೇಶಕ್ಕೆ ಹೋಗಬೇಕೆಂದು ನಿಶ್ಚಯವಾದ ಮನೆಯಲ್ಲಿ ಮೊದಲು ಏಳುವುದು ವಿಮಾನದ ಟಿಕೆಟ್ಟಿನ ಮಾತು. ಕಾಯಿಲೆ ಕಾಯುವುದಿಲ್ಲವೆಂಬ ಭಯ ಎದೆಯಲ್ಲಿ ಕುಳಿತಿರುವಾಗ ಆ ಅವಸರ ಸಹಜವೇ. ಆದರೂ ನನ್ನ ಬಿನ್ನಹವಿಷ್ಟೆ: ರೋಗಿಗಿಂತ ಮೊದಲು ಅವರ ವೈದ್ಯಕೀಯ ದಾಖಲೆಗಳು ಅಲ್ಲಿಗೆ ತಲುಪಿರಬೇಕು.

ದಾಖಲೆ ಎಂದರೆ ಬಹಳ ಜನ ವರದಿಯ ಹಾಳೆಗಳನ್ನಷ್ಟೇ ಕಳುಹಿಸುತ್ತಾರೆ. ಎಂ.ಆರ್.ಐ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಚಿತ್ರ ಕಳುಹಿಸುವವರೂ ಉಂಟು. ಅದರಲ್ಲಿ ಕಿಟಕಿಯ ಸರಳುಗಳು ಕಾಣುತ್ತವೆಯೇ ಹೊರತು ಗೆಡ್ಡೆಯ ಅಂಚು ಕಾಣುವುದಿಲ್ಲ. ಸ್ಕ್ಯಾನ್ ಮಾಡಿದ ಕೇಂದ್ರದಿಂದ ಡೈಕಾಮ್, ಅಂದರೆ ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಉಳಿಸಿಡುವ ವೈದ್ಯಕೀಯ ಮಾದರಿಯ ರೂಪದ ಮೂಲ ಚಿತ್ರಗಳನ್ನೇ ಸಿ.ಡಿ.ಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಪಡೆದರೆ, ದೂರದ ವೈದ್ಯರೂ ಅವನ್ನು ಪದರಪದರವಾಗಿ ಅಳೆದು ನೋಡಬಲ್ಲರು. ಕ್ಯಾನ್ಸರ್ ಇದ್ದಲ್ಲಿ ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ, ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕನ್ನೂ ಅಲ್ಲಿನ ತಜ್ಞರು ತರಿಸಿಕೊಂಡು ತಾವೇ ಸೂಕ್ಷ್ಮದರ್ಶಕದಲ್ಲಿ ನೋಡಲು ಬಯಸುತ್ತಾರೆ. ಹಾಗೆ ಮತ್ತೊಮ್ಮೆ ನೋಡಿದಾಗ ಕೆಲವೊಮ್ಮೆ ರೋಗದ ಹೆಸರೇ ಬದಲಾಗುವುದುಂಟು. ಅದು ಪ್ರಯಾಣಕ್ಕೆ ಮೊದಲೇ ತಿಳಿಯುವುದು ಎಷ್ಟೋ ಮೇಲು. ಔಷಧಗಳ ಪಟ್ಟಿಯಲ್ಲಿ ಜೆನೆರಿಕ್ ಹೆಸರು, ಅಂದರೆ ಔಷಧದೊಳಗಿನ ಮೂಲವಸ್ತುವಿನ ಹೆಸರಿರಲಿ, ಕಂಪನಿಯಿಟ್ಟ ಹೆಸರು ಗಡಿ ದಾಟಿದರೆ ಬೇರೆಯಾಗಿರಬಹುದು.

ಆಸ್ಪತ್ರೆಯವರು ಕಳುಹಿಸುವ ಅಂದಾಜು ವೆಚ್ಚದ ಪತ್ರವನ್ನು ಸಾಲುಸಾಲಾಗಿ ಓದಿ. ಐಸಿಯುನಲ್ಲಿ ಎಷ್ಟು ದಿನವೆಂದು ಲೆಕ್ಕ ಹಿಡಿದಿದ್ದಾರೆ, ತೊಡಕಾದರೆ ಹೆಚ್ಚುವರಿ ಖರ್ಚೆಷ್ಟು, ಉಳಿದ ಮುಂಗಡ ಯಾವಾಗ ವಾಪಸಾಗುತ್ತದೆ ಎಂಬುದಕ್ಕೆ ಬರಹದಲ್ಲೇ ಉತ್ತರ ಪಡೆಯಿರಿ. ಸಾಮಾನ್ಯ ಪ್ರವಾಸ ವಿಮೆ, ಚಿಕಿತ್ಸೆಗೆಂದೇ ಹೊರಟವರ ಆಸ್ಪತ್ರೆಯ ಖರ್ಚನ್ನು ಭರಿಸುವುದಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಮನೆಯವರ ಬದಲು ತರಬೇತಾದ ದುಭಾಷಿಯನ್ನೇ ಕೇಳಿ. ತಂದೆಗೆ ಕೆಟ್ಟ ಸುದ್ದಿ ಹೇಳಲಾರದೆ ಮಗಳು ಅರ್ಧ ವಾಕ್ಯವನ್ನು ನುಂಗಿಬಿಡುತ್ತಾಳೆ. ಅವಳಿಗೆ ಆ ಹೊರೆ ಹೊರಿಸಬಾರದು.

ಇನ್ನು ಹಿಂದಿರುಗುವ ಪ್ರಯಾಣ. ಹಾರಾಟದಲ್ಲಿ ವಿಮಾನದೊಳಗಿನ ಒತ್ತಡ 6000ರಿಂದ 8000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯುವುದರಿಂದ, ಶಸ್ತ್ರಚಿಕಿತ್ಸೆಯ ನಂತರ ದೇಹದೊಳಗೆ ಉಳಿದ ಗಾಳಿ ಹಿಗ್ಗುತ್ತದೆ. ಹೃದಯದ ಬೈಪಾಸ್ ಆದವರಿಗೆ ಸಾಮಾನ್ಯವಾಗಿ 10ರಿಂದ 14 ದಿನ ಕಾಯಲು ಹೇಳುತ್ತಾರೆ. ಆದ್ದರಿಂದ ವಾಪಸಾತಿಯ ಟಿಕೆಟ್ ದಿನಾಂಕ ಬದಲಿಸಲು ಬರುವಂಥದ್ದೇ ಆಗಿರಲಿ. ಮರಳಿದ ಮೇಲೆ ಹೊಲಿಗೆ ಬಿಚ್ಚಲು, ನಡುರಾತ್ರಿ ಜ್ವರ ಬಂದರೆ ನೋಡಲು ಒಬ್ಬ ವೈದ್ಯರನ್ನು ಹೊರಡುವ ಮುನ್ನವೇ ಒಪ್ಪಿಸಿಕೊಂಡು, ಅವರು ಓದಬಲ್ಲ ಭಾಷೆಯಲ್ಲೇ ಡಿಸ್ಚಾರ್ಜ್ ಸಾರಾಂಶ ಬೇಕೆಂದು ಆಸ್ಪತ್ರೆಗೆ ಮೊದಲ ಪತ್ರದಲ್ಲೇ ತಿಳಿಸಿ.